ನಡುವಿನ ವರ್ಷಗಳ ಅಫಿಡವಿಟ್ಟು

ತಹಶೀಲ್ದಾರ ಕಚೇರಿಯ ಎದುರು, ನನ್ನ ಝೆರಾಕ್ಸ್ ಅಂಗಡಿಯಲ್ಲಿ
ಈತನಕ ತುಂಬಿದ್ದೆಲ್ಲ ಬೇರೆಯವರ ಅರ್ಜಿ.
ಮಾಜಾಳಿಯ ಹುಡುಗರ ಡಿಪ್ಲೊಮಾ,
ಬೈತಖೋಲಿನ ಬೋಟುಗಳ ಡೀಸೆಲ್ ಸಬ್ಸಿಡಿ,
ಕದ್ರಾದಿಂದ ಮೊದಲ ಬಸ್ಸು ಹಿಡಿದು ಬಂದ ಅಜ್ಜಿಯ ಪಿಂಚಣಿ.

ಇವತ್ತು ಶಟರು ಅರ್ಧ ಎಳೆದು
'ಅರ್ಜಿದಾರರ ಹೆಸರು' ಎಂಬಲ್ಲಿ
ಸುಲಕ್ಷಾ ತಾಂಡೇಲ ಎಂದು ಹೊಡೆದೆ.
ಬೆರಳು ಸ್ವಲ್ಪ ತಡೆಯಿತು,
ಯಾರದ್ದೋ ಮನೆಗೆ ಕೇಳದೆ ಹೊಕ್ಕ ಹಾಗೆ.

ಪದವಿ ಬಿಸಿಎ, ಆನ್‌ಲೈನು, ಮೂರು ವರ್ಷ.
ಪಿಯುಸಿ ಪಾಸಾಗಿರಬೇಕು. ಆಗಿದೆ.
ಶೇಕಡಾ ನಲವತ್ತೈದು ಬೇಕು. ಐವತ್ತೊಂದಿದೆ.
ಮೇಲಿನ ಆ ಆರನ್ನು
ಇಪ್ಪತ್ತು ವರ್ಷ ಪ್ಲಾಸ್ಟಿಕ್ ಹಾಳೆಯೊಳಗೆ ಕಾಪಾಡಿದ್ದೇನೆ.
ಫೋಟೋ ಐವತ್ತು ಕೆಬಿ ಮೀರಬಾರದು.
ಕುಗ್ಗಿಸುತ್ತ ಹೋದೆ, ಮೂವತ್ತೆಂಟಕ್ಕೆ ನಿಂತಿತು ಮುಖ.
ವಯಸ್ಸೂ ಅಷ್ಟೇ.

ಗಣಿತ ಓದಿದ್ದೀರಾ?
ಹೌದು, ಇಲ್ಲ. ಎರಡೇ ಗುಂಡಿ.
ನೂರು ಬಂಗಡೆಗೆ ಇಷ್ಟಾದರೆ ಹದಿನೇಳಕ್ಕೆ ಎಷ್ಟು,
ಗಿರಾಕಿ ಮೇಲೆರಡು ಎತ್ತಿಕೊಂಡರೆ ನಮಗೆ ಉಳಿದದ್ದೆಷ್ಟು
ಎಂದು ಆಯಿಯ ಬುಟ್ಟಿಯ ಪಕ್ಕ ಕೂತು
ಏಳನೇ ವಯಸ್ಸಿಗೇ ಹೇಳುತ್ತಿದ್ದೆ.
ಅದಕ್ಕೆ ಗುಂಡಿಯಿಲ್ಲ.
'ಇಲ್ಲ' ಒತ್ತಿದೆ. ಕೆಂಪಕ್ಷರ ಮೂಡಿತು:
ಮೊದಲ ಆರು ತಿಂಗಳಲ್ಲಿ ಸೇತುವೆ ಪಠ್ಯ ಮುಗಿಸತಕ್ಕದ್ದು.
ಸೇತುವೆಯ ಮಾತು ಕಾರವಾರದವರ ಹತ್ತಿರವಾ!
ಕಾಳಿಯ ಹಳೇದು ರಾತ್ರೋರಾತ್ರಿ ನೀರಿಗೆ ಕೂತ ಮೇಲೆ
ಹೊಸದರ ಮೇಲೆ ಹೋಗುವಾಗಲೂ
ಬಸ್ಸಿನ ಕಿಟಕಿಯಿಂದ ಒಮ್ಮೆ ಕೆಳಗೆ ನೋಡುತ್ತೇವೆ.
ಆದರೂ ದಾಟುತ್ತೇವೆ, ಆಚೆ ಕೆಲಸವಿರುತ್ತದೆ.

ಕೊನೆಗೆ ಉಳಿದದ್ದು ಅಫಿಡವಿಟ್ಟು.
ಓದು ನಿಂತ ಅವಧಿಗೆ ಕಾರಣ ಕೊಡಿ,
ನೂರು ರೂಪಾಯಿಯ ಛಾಪಾ ಕಾಗದ.
ವರ್ಷಕ್ಕೆ ಐದರಂತೆ ಬಿತ್ತು.
ಅದರ ನಮೂನೆ ನನ್ನ ಕಂಪ್ಯೂಟರಿನಲ್ಲೇ ಇದೆ,
ಹೆಸರಿನ ಜಾಗ ಖಾಲಿ ಬಿಟ್ಟು:
'ಕೌಟುಂಬಿಕ ಕಾರಣಗಳಿಂದ ವಿದ್ಯಾಭ್ಯಾಸ ಮುಂದುವರಿಸಲಾಗಲಿಲ್ಲ.
ಸದರಿ ಅವಧಿಯಲ್ಲಿ ಯಾವುದೇ ಕಾನೂನುಬಾಹಿರ
ಚಟುವಟಿಕೆಯಲ್ಲಿ ತೊಡಗಿರುವುದಿಲ್ಲ.'
ಎಷ್ಟು ಜನರಿಗೆ ಇದನ್ನೇ ಮುದ್ರಿಸಿ ಕೊಟ್ಟಿದ್ದೇನೋ.
ಅಳಿಸಿ, ಮೊದಲಿನಿಂದ ಬರೆದೆ.

ಆ ವರ್ಷದ ಕಾಲೇಜು ಫೀಸು
ಅಣ್ಣನ ದೋಣಿಯ ಎಂಜಿನ್ನಾಯಿತು.
ತಪ್ಪೇನಲ್ಲ, ಆ ಎಂಜಿನ್ನೇ ಅನ್ನ ಹಾಕಿತು.
ಆಮೇಲೆ ನಾಲ್ಕು ವರ್ಷ ಐಸ್ ಫ್ಯಾಕ್ಟರಿಯ ಲೆಕ್ಕದ ಪುಸ್ತಕ;
ಕೈ ಮರಗಟ್ಟಿ, ಬರೆದ ಒಂಬತ್ತು ಏಳಾಗಿ ಕಾಣುತ್ತಿತ್ತು.
ನಂತರ ಮದುವೆ. ವಿವರ ಕೇಳಿಲ್ಲ, ಬರೆಯುವುದಿಲ್ಲ.
ಒಂದು ಮಳೆಗಾಲ ಇದೇ ಕಂಪ್ಯೂಟರು ಸತ್ತಿತು.
ಹುಬ್ಬಳ್ಳಿಗೆ ಕಳಿಸಲು ದುಡ್ಡಿರಲಿಲ್ಲ, ಬಿಚ್ಚಿದೆ.
ಒಳಗೆ ಹಲ್ಲಿಯ ಮೊಟ್ಟೆ,
ಉಪ್ಪುಗಾಳಿಗೆ ಹಸಿರುಗಟ್ಟಿದ ತಾಮ್ರ.
ಮೆಮೊರಿ ಪಟ್ಟಿಯ ಹಲ್ಲುಗಳನ್ನು
ಮಗನ ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದೆ.
ಬೀಪ್ ಎಂದಿತು.
ಕಾರಣ ಕೇಳುವುದಾದರೆ ಅದನ್ನು ಕೇಳಬೇಕು,
ನಿಂತದ್ದನ್ನಲ್ಲ.

ನೋಟರಿ ರಾಯ್ಕರರು ಕನ್ನಡಕ ಹಣೆಗೇರಿಸಿ ಓದಿದರು.
"ಕತೆ ಬೇಡ ಮಾರಾಯ್ತಿ. ಕೌಟುಂಬಿಕ ಕಾರಣ ಅಂತ ಹಾಕು,
ಸಹಿ ಹೊಡಿತೆ."
ಅವರದ್ದೂ ಸರಿಯೇ. ಹಳೇ ನಮೂನೆಗೇ ಹೆಸರು ತುಂಬಿದೆ.
ನನ್ನದನ್ನು ಅಳಿಸಲಿಲ್ಲ, ಬೇರೆ ಫೋಲ್ಡರಿನಲ್ಲಿಟ್ಟೆ.

ಆಧಾರಿನ ಓಟಿಪಿ ಹೋಗುವುದು ಗಂಡನ ಮೊಬೈಲಿಗೆ.
ಅವನು ಪರ್ಸೀನ್ ಬೋಟಿನಲ್ಲಿ,
ಅಂಜುದೀವಿನ ಆಚೆ, ಸಿಗ್ನಲ್ಲಿಲ್ಲದ ನೀರಿನಲ್ಲಿ.
ಎರಡು ಸಲ ಕಳಿಸಿದೆ, ಎರಡೂ ಸಲ ಹತ್ತು ನಿಮಿಷ ಸತ್ತವು.
ಸಂಜೆ ಐದಕ್ಕೆ ಅವನದ್ದೇ ಫೋನು,
ಎಂಜಿನ್ನಿನ ಸದ್ದಿನೊಳಗಿಂದ ಒಂದೊಂದೇ ಅಂಕಿ:
ನಾಕು, ಒಂದು, ಸೊನ್ನೆ, ಅಲ್ಲ ಎಂಟು...
"ಯಾರ ಅರ್ಜಿಯೇ ಇದು, ಇಷ್ಟು ಅರ್ಜೆಂಟು?"

"ಒಬ್ಬಳು ಗಿರಾಕಿಯದ್ದು" ಅಂದೆ.

ಫೋನಿಟ್ಟು, ಪರ್ಸಿನಿಂದ ಮೂವತ್ತು ರೂಪಾಯಿ ತೆಗೆದು
ಗಲ್ಲೆಗೆ ಹಾಕಿದೆ.